ಅರಿಶಿನ ಕುಂಕುಮದ ಗದ್ದೆ

1974ನೇ ಇಸವಿ ಸೆಪ್ಟೆಂಬರ್ 21, ಶನಿವಾರ, ಬೆಳಿಗ್ಗೆ ಏಳೂಕಾಲು ಗಂಟೆ. ಹಾಲೆಂಡಿನ ವಾಗೆನಿಂಗೆನ್ ಊರಿನಿಂದ ರೈನ್ ನದಿ ದಾಟಿದರೆ ಸಿಗುವ ಹೆಂಡ್ರಿಕ್ ಎಂಬ ರೈತನ ಹೊಲದಲ್ಲಿ ನಾನು ಕೊನೆಯ ಸಲ ಅಳತೆ ತೆಗೆದುಕೊಳ್ಳುತ್ತಿದ್ದೆ. ಎರಡು ವರ್ಷದ ನನ್ನ ಓದೆಲ್ಲ ಹೆಚ್ಚುಕಡಿಮೆ ಇಷ್ಟೇ: ಆ ಹೊಲದ ಅಂಚಿನಲ್ಲಿ ಕೊರೆದ ಸಣ್ಣ ರಂಧ್ರಗಳೊಳಗೆ ಹಿತ್ತಾಳೆಯ ಕುಡಿಕೆಯೊಂದನ್ನು ಇಳಿಬಿಟ್ಟು, ನೆಲದಡಿಯ ನೀರು ಎಷ್ಟು ಆಳದಲ್ಲಿದೆ ಎಂದು ನೋಡುವುದು. ಕುಡಿಕೆ ಹೆಬ್ಬೆರಳಿನಷ್ಟು ದಪ್ಪ, ತಳ ಟೊಳ್ಳು. ಅಳತೆಪಟ್ಟಿಯ ತುದಿಗೆ ಕಟ್ಟಿ ಇಳಿಸಿದರೆ ನೀರು ಮುಟ್ಟಿದ ಕ್ಷಣ ‘ಗುಳುಕ್’ ಎನ್ನುತ್ತದೆ. ಕಣ್ಣಿಗೆ ಕಾಣದ ನೀರನ್ನು ಕಿವಿಯಿಂದ ಅಳೆಯುವ ಉಪಾಯ.

ಹೆಂಡ್ರಿಕ್ ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು, ಕುಡಿಕೆಯನ್ನು ತನ್ನ ಕರವಸ್ತ್ರದಲ್ಲಿ ಒರೆಸಿ, ಎರಡನ್ನೂ ನನ್ನ ಅಂಗೈಯಲ್ಲಿಟ್ಟು, ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ:

“ಇದು ನಮ್ಮಪ್ಪನದು. ನಮ್ಮ ಹೊಲದ ನೀರು ಎಲ್ಲಿದೆ ಅಂತ ನನಗೀಗ ಬೂಟಿನ ಸದ್ದಿನಲ್ಲೇ ಗೊತ್ತಾಗುತ್ತದೆ. ನೀನು ಇಟ್ಟುಕೋ. ನಿಮ್ಮ ಊರಿನಲ್ಲಿ ನೀರನ್ನು ಕರೆಸಿಕೊಳ್ಳುವುದು ಕಲಿತಿದ್ದೀರಿ. ನಾವು ಇಲ್ಲಿ ತಲೆತಲಾಂತರದಿಂದ ಅದನ್ನು ಕಳಿಸಿಕೊಡುತ್ತಾ ಬಂದಿದ್ದೇವೆ. ಹೋದ ಮೇಲೆ ನಿಮ್ಮಲ್ಲಿ ನೀರು ಎಷ್ಟು ಆಳಕ್ಕಿದೆ ಅಂತ ಬರೆದು ತಿಳಿಸು. ಒಂದು ಕಾರ್ಡು ಸಾಕು.”

ಧನ್ಯವಾದ ಹೇಳಬೇಕೆಂದು ಬಾಯಿ ತೆರೆದೆ. ಅವನ ಭಾಷೆಯಲ್ಲಿ ನನಗೆ ಬರುತ್ತಿದ್ದ ನಾಲ್ಕು ಮಾತುಗಳಲ್ಲಿ ಆ ಕ್ಷಣಕ್ಕೆ ಒಂದೂ ನೆನಪಾಗಲಿಲ್ಲ. ಕೈ ಜೋಡಿಸಿದೆ. ಅವನೂ ಕೆಸರು ಬೂಟಿನಲ್ಲಿ ನಿಂತೇ, ಅಭ್ಯಾಸವಿಲ್ಲದ ಎರಡು ದಪ್ಪ ಕೈಗಳನ್ನು ಒಂದಕ್ಕೊಂದು ಒತ್ತಿಕೊಂಡ. ಅವನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಕರೆದು, “ನಿನ್ನ ಅತ್ತಿಗೆಗೆ” ಎಂದು ಚೀಸ್ ಎಂಬ ಗಿಣ್ಣಿನ ಒಂದು ದೊಡ್ಡ ಗಟ್ಟಿ ಕೊಟ್ಟಳು. ಎರಡು ವರ್ಷದಲ್ಲಿ ನಾನು ಅವರ ಮನೆಯಲ್ಲಿ ಅತ್ತಿಗೆಯ ವಿಷಯ ಅಷ್ಟು ಮಾತಾಡಿದ್ದೆನೆಂದು ಆಗ ತಿಳಿಯಿತು.

ಅತ್ತಿಗೆಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಕೊತ್ತತ್ತಿಯಲ್ಲಿ ನಮ್ಮದು ನಾಲೆ ನೀರಿನ ಬೇಸಾಯ. ನಾನು ಆರು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಅದಾದ ಮರುವರ್ಷ ಅಣ್ಣ ಹೊನ್ನಯ್ಯನ ಕೈ ಹಿಡಿದು ಅದೇ ಊರಿನ ಚಲುವಮ್ಮ ನಮ್ಮ ಮನೆಗೆ ಬಂದಳು. ಅಲ್ಲಿಂದಾಚೆ ನನಗೆ ತಲೆಗೆ ನೀರು ಹಾಕಿದವಳು, ಜ್ವರ ಬಂದಾಗ ಹಣೆಯ ಮೇಲೆ ಬಟ್ಟೆ ಇಟ್ಟವಳು ಅವಳೇ. ಮದುವೆಯಲ್ಲಿ ಅವಳಪ್ಪ ಮಗಳ ಅರಿಶಿನ ಕುಂಕುಮಕ್ಕೆಂದು ಅರ್ಧ ಎಕರೆ ಗದ್ದೆ ಕೊಟ್ಟಿದ್ದ. ಹಾಗೆ ಕೊಟ್ಟ ಭೂಮಿ ಮನೆಯ ಉಳಿದ ಜಮೀನಿನಂತಲ್ಲ. ಅದರ ಬೆಳೆ ಹೆಣ್ಣುಮಗಳ ಸ್ವಂತದ್ದು, ಗಂಡನೂ ಕೇಳುವಂತಿಲ್ಲ. ಅತ್ತಿಗೆ ಆ ಸ್ವಂತದ ಬೆಳೆಯಿಂದ ಸೀರೆ ಬಳೆ ತೆಗೆದುಕೊಂಡದ್ದು ನನಗೆ ನೆನಪಿಲ್ಲ. ನನ್ನ ಮೊದಲ ಪ್ಯಾಂಟು ಅದೇ ಗದ್ದೆಯ ಭತ್ತದಿಂದ ಬಂದದ್ದು.

1972ರಲ್ಲಿ ನಾನು ಹೊರಟಾಗ ಆ ಗದ್ದೆಯ ಒಂದು ಮೂಲೆ ಬೆಳ್ಳಗಾಗತೊಡಗಿತ್ತು. ಬೆಳಿಗ್ಗೆ ಬದುವಿನ ಮೇಲೆ ಸುಣ್ಣ ಚೆಲ್ಲಿದಂತೆ ಕಾಣುತ್ತಿತ್ತು. ಚೌಳು. ಬಸ್ಸು ಹತ್ತುವ ಮುಂಚೆ ಅತ್ತಿಗೆ ನನ್ನ ಜೇಬಿಗೆ ದೇವರ ಕುಂಕುಮದ ಪೊಟ್ಟಣ ಇಟ್ಟು, “ಅಲ್ಲಿ ಇದುಕ್ಕೇನಾರ ಔಸ್ದಿ ಇದ್ರೆ ನೋಡ್ಕಂಡ್ ಬಾ ಚಿಕ್ಕಣ್ಣ” ಎಂದಿದ್ದಳು. ಅವಳು ಕೇಳಿದ್ದು ಅದೊಂದೇ.

ರೈಲು ಮದ್ದೂರು ದಾಟಿ ಮಂಡ್ಯಕ್ಕೆ ಬಂದಾಗ ಮಂಗಳವಾರ ಮಧ್ಯಾಹ್ನ. ಸ್ಟೇಷನ್ನಿನ ಹೊರಗೆ ಅತ್ತಿಗೆಯ ತಮ್ಮ ಶಿವಣ್ಣ ಗಾಡಿ ಕಟ್ಟಿಕೊಂಡು ನಿಂತಿದ್ದ. ಅವನ ಗದ್ದೆ ಅತ್ತಿಗೆಯ ಗದ್ದೆಗೆ ಅಂಟಿಕೊಂಡೇ, ಹಳ್ಳದ ಕಡೆಗಿದೆ.

“ಏನ್ಲಾ ಭಾಮೈದ, ಬಿಸ್ಲೇ ಕಾಣ್ದಂಗೆ ಬೆಳ್ಳಗಾಗ್ಬುಟ್ಟಿದ್ದೀಯಲ್ಲ!” ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. ಗಾಡಿ ಊರಂಚಿನ ಗುತ್ತಲು ದಾಟಿದ ಮೇಲೆ, “ಮನೇಲಿ ಆ ಬೆಳ್ಳಗೆ ಅನ್ನೋ ಮಾತು ಎತ್ಬ್ಯಾಡ ಕಣ್ಲಾ” ಎಂದ.

“ಯಾಕೆ?”

“ಅಕ್ಕನ ಗದ್ದೆ ಪೂರಾ ಸೌಳಾಗೋಯ್ತು. ಓದ ಬ್ಯಾಸ್ಗೇಲಿ ನಿಮ್ಮಣ್ಣಂಗೆ ಕಾಮಾಲೆ ಬಂದು ಒಂದ್ ತಿಂಗ್ಳು ಮನಿಕ್ಕಂಡಿದ್ದ.”

“ನಂಗ್ಯಾರೂ ತಿಳಿಸ್ನೇ ಇಲ್ವಲ್ಲ?”

“ತಿಳ್ಸಿದ್ರೆ ಅಲ್ಲಿ ಕುಂತ್ಕಂಡು ನೀನೇನ್ ಕಿಸಿತಿದ್ದೆ? ಕೇಳು ಇಲ್ಲಿ. ಮಳವಳ್ಳಿ ತಾವ ಯಾವನೋ ಶಾಸ್ತ್ರ ಏಳೋನ್ತಕ್ಕೆ ಅಕ್ಕನ್ನ ಕರ್ಕಂಡೋಗಿದ್ರು ಊರ ಎಂಗಸ್ರು. ಅವ್ನು, ಕುಂಕುಮದ ಭೂಮಿ ಬೆಳ್ಳಗಾದ್ರೆ ಕುಂಕುಮಕ್ಕೇ ಕುತ್ತು ಅಂದ್ಬುಟ್ಟ. ಭಾವ ಈಗ ಗುಂಡ್ಕಲ್ಲು ಇದ್ದಂಗವ್ನೆ. ಆದ್ರೂ ಇವ್ಳು ಒತ್ತಾರೆ ಎದ್ರೆ ಮೊದ್ಲು ಗದ್ದೆ ನೋಡ್ತಾಳೆ, ಆಮೇಕೆ ಗಂಡನ ಮಖ ನೋಡ್ತಾಳೆ. ನೀನ್ ಬಂದು ಏನೋ ಮಾಡ್ತೀಯ ಅಂತ ಕಾಯ್ತಾ ಕುಂತವ್ಳೆ.”

ನಾನು ಜೇಬಿನೊಳಗಿನ ಹಿತ್ತಾಳೆ ಕುಡಿಕೆಯನ್ನು ಮುಟ್ಟಿ ನೋಡಿಕೊಂಡೆ. ಹಾಲೆಂಡಿನಲ್ಲಿ ಅದು ಒಂದು ಉಪಕರಣವಾಗಿತ್ತು. ಗಾಡಿಯಲ್ಲಿ ಕುಳಿತಾಗ ಅದರ ಭಾರ ಬೇರೆಯೇ ಅನ್ನಿಸಿತು.

ಮನೆಯ ಬಾಗಿಲಲ್ಲಿ ಅತ್ತಿಗೆ ಆರತಿ ಎತ್ತಿದಳು. ಸೊರಗಿದ್ದಳು, ಹಣೆಯ ಕುಂಕುಮ ಮಾತ್ರ ಮುಂಚಿಗಿಂತ ದೊಡ್ಡದಾಗಿತ್ತು. ಅಣ್ಣ ನನ್ನ ಭುಜ ಹಿಡಿದು ಅಲುಗಾಡಿಸಿ, ಎತ್ತುಗಳಿಗೆ ಹುಲ್ಲು ಹಾಕಲು ಹೋದ. ನಾನು ಚೀಸಿನ ಗಟ್ಟಿ ತೆಗೆದುಕೊಟ್ಟೆ.

“ಇದೇನ್ ಚಿಕ್ಕಣ್ಣ, ಬಟ್ಟೆ ಸೋಪಾ?”

“ತಿನ್ನೋದು ಕಣತ್ಗೆ. ಹಾಲಿಂದು.”

ಒಂದು ಚೂರು ಬಾಯಿಗೆ ಹಾಕಿಕೊಂಡವಳು ಅದನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು. “ಪಾಪ, ಅವ್ರ ದೇಸ್ದಲ್ಲಿ ಮಜ್ಗೆ ಕಡಿಯೋದು ಗೊತ್ತಿಲ್ವೇನೋ.” ಅಣ್ಣ ಮಾತ್ರ ತಮ್ಮ ತಂದದ್ದೆಂದು ಅಂಗೈಯಗಲದ ತುಂಡನ್ನು ಪೂರ್ತಿ ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, “ಸೆಂದಾಗೈತೆ” ಎಂದ.

ಬಿಸಿಲು ಇಳಿಯುವ ಮುಂಚೆ ಅತ್ತಿಗೆ ನನ್ನನ್ನು ಗದ್ದೆಗೆ ಕರೆದುಕೊಂಡು ಹೋದಳು. ನಾನು ಬೆಳ್ಳನೆಯ ನೆಲವನ್ನು ನಿರೀಕ್ಷಿಸಿದ್ದೆ. ಕಂಡದ್ದು ನೀರು. ಬದುವಿನಿಂದ ಬದುವಿಗೆ ತುಂಬಿ ನಿಂತ ನೀರು, ಅದರೊಳಗೆ ಆಕಾಶ, ಆಕಾಶದಲ್ಲಿ ಒಂದು ಬೆಳ್ಳಕ್ಕಿ.

“ನೋಡು, ಎಲ್ಲಾರ ಅದು ಕಾಣ್ತದಾ?” ಎಂದಳು ಅತ್ತಿಗೆ. ಬಣ್ಣದ ಹೆಸರು ಹೇಳಲಿಲ್ಲ. “ಮರಿಸಿದ್ದಯ್ಯನ ಕೈಕಾಲು ಹಿಡ್ದು, ಶಿವಣ್ಣನ ಸರದೀನೂ ಇಸ್ಕಂಡು, ಗೌರಿ ಹಬ್ಬ ಆದಾಗ್ಲಿಂದ ನೀರು ನಿಲ್ಸಿವ್ನಿ. ನೀನ್ ಬರೋ ಹೊತ್ಗೆ ಗದ್ದೆ ಮಖ ತೊಳ್ಕಂಡಿರ್ಲಿ ಅಂತ.”

ಮರಿಸಿದ್ದಯ್ಯ ನಮ್ಮ ಊರಿನ ನೀರುಗಂಟಿ. ಯಾವ ಗದ್ದೆಗೆ ಯಾವಾಗ ನೀರು ಎಂದು ಸರದಿ ಪ್ರಕಾರ ತೂಬು ತೆರೆಯುವವನು. ಅವನಿಂದ ಒಂದು ಗಳಿಗೆ ಹೆಚ್ಚಿಗೆ ನೀರು ಪಡೆಯುವುದು ಎಷ್ಟು ಕಷ್ಟವೆಂದು ಊರಿಗೆಲ್ಲ ಗೊತ್ತು. ಆ ಕಷ್ಟವನ್ನು ಅತ್ತಿಗೆ ನನಗೋಸ್ಕರ ಪಟ್ಟಿದ್ದಳು. ಬರುವ ನೆಂಟರಿಗಾಗಿ ಅಂಗಳ ಸಾರಿಸುವಂತೆ ಗದ್ದೆಗೆ ನೀರು ತುಂಬಿ ಕಾದಿದ್ದಳು. ಮತ್ತು ಆ ಗದ್ದೆಯ ರೋಗವೇ ನೀರು.

ಅದನ್ನು ಅಂದು ಸಂಜೆ ಹೇಳಲಿಲ್ಲ. “ನಾಳೆ ನೋಡೋಣ ಅತ್ಗೆ” ಎಂದೆ. ಅವಳಿಗೆ ಅಷ್ಟು ಸಾಕಾಗಿತ್ತು. ದಾರಿಯುದ್ದಕ್ಕೂ ಹಾಲೆಂಡಿನಲ್ಲಿ ಹಸುಗಳಿಗೆ ಕೊಂಬು ಇದೆಯೇ, ಹೆಂಗಸರು ಗದ್ದೆಗೆ ಇಳಿಯುತ್ತಾರೆಯೇ ಎಂದು ಕೇಳುತ್ತಾ ಬಂದಳು.

ಮರುದಿನ ಬೆಳಿಗ್ಗೆ ನೀರು ಹತ್ತದ ಒಂದು ಮೂಲೆ ಹುಡುಕಿ ಹಾರೆಯಿಂದ ಗುಂಡಿ ಕೊರೆದೆ. ಸ್ವಲ್ಪ ಹೊತ್ತು ಬಿಟ್ಟು ಕುಡಿಕೆ ಇಳಿಸಿದೆ. ಇಳಿಸಿದೆ ಅನ್ನುವಷ್ಟರಲ್ಲಿ ‘ಗುಳುಕ್’ ಎಂದಿತು. ಹನ್ನೊಂದು ಸೆಂಟಿಮೀಟರು. ಗೇಣಿಗಿಂತಲೂ ಕಡಿಮೆ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದ ಅತ್ತಿಗೆ ಆ ಸದ್ದಿಗೆ ಮಗುವಿನಂತೆ ನಕ್ಕಳು.

“ಏನಂತದೆ ಅದು?”

ನಾನು ಮಣ್ಣಿನ ಮೇಲೇ ಕುಳಿತುಕೊಂಡೆ. “ಅತ್ಗೆ, ದೀಪದ ಬತ್ತಿ ಎಣ್ಣೆ ಎಳ್ಕತದಲ್ಲ, ಹಂಗೇ ಬಿಸ್ಲಿಗೆ ಮಣ್ಣು ಅಡೀಲಿರೋ ನೀರ್ನ ಮೇಲಕ್ಕೆ ಎಳ್ಕತದೆ. ನೀರು ಆರೋಯ್ತದೆ. ಅದ್ರಲ್ಲಿದ್ದ ಉಪ್ಪು ಮೇಲೇ ಉಳ್ಕತದೆ. ನೀರು ಆಳದಲ್ಲಿದ್ರೆ ಬತ್ತಿಗೆ ಎಟುಕೋಲ್ಲ. ನಿನ್ ಗದ್ದೇಲಿ ಗೇಣುದ್ದದಲ್ಲೇ ಐತೆ.”

ಅವಳ ನಗು ನಿಂತಿತು. ತುಂಬಿದ ಗದ್ದೆಯನ್ನು ನೋಡಿದಳು. “ಅಂಗಾರೆ ನಾನು ನಿಲ್ಸಿದ ನೀರೇ... ನಾನೇ ಕೈಯಾರೆ ಮಾಡ್ಕಂಡ್ನಾ?”

“ನೀನಲ್ಲ. ಇಡೀ ಊರೇ ಮಾಡ್ಯದೆ. ನಾಲೆ ಬಂದಾಗ ನೀರು ಒಳಕ್ಕೆ ಬರೋಕೆ ತೂಬು ಮಡಗಿದ್ರು. ಆಚೆಗೆ ಹೋಗೋಕೆ ಯಾರೂ ದಾರಿ ಮಡಗ್ನಿಲ್ಲ. ನಿನ್ ಗದ್ದೆ ತಗ್ಗು. ಮೇಲ್ಗಡೆ ಎಲ್ಲಾರ ನೀರೂ ಬಸ್ದು ಬಂದು ಇಲ್ಲೇ ಕುಂತ್ಕತದೆ.”

ಅವಳು ಬಗ್ಗಿ ನಿಂತ ನೀರಿಗೆ ಕೈ ಅದ್ದಿ ನೋಡಿದಳು. ಆಮೇಲೆ, “ಬಂದ ನೆಂಟ್ರನ್ನ ಕಳಿಸ್ಕೊಡ್ದೆ ಕೂಡಾಕ್ಕಂಡಂಗೆ” ಎಂದಳು.

“ಹೂಂ. ಹಂಗೇ.”

“ಅಂಗಾರೆ ಅದು... ಕುತ್ತಲ್ವಾ?”

ಬದುವಿನ ನೆತ್ತಿಯಲ್ಲಿ, ನೀರು ಮುಟ್ಟದ ಕಡೆ, ಬೆಳ್ಳನೆಯ ಪುಡಿ ಇನ್ನೂ ಇತ್ತು. ಒಂದು ಚಿಟಿಕೆ ತೆಗೆದು ನನ್ನ ನಾಲಿಗೆಯ ಮೇಲೆ ಇಟ್ಟುಕೊಂಡೆ. ಅವಳು ಗಾಬರಿಯಿಂದ ನನ್ನ ಕೈ ಹಿಡಿದಳು. ಹಿಡಿದ ಕೈಯಲ್ಲೇ ಇನ್ನೊಂದು ಚಿಟಿಕೆ ಇಟ್ಟೆ. ದಿನಾ ಬೆಳಿಗ್ಗೆ ಹೆದರಿಕೊಂಡೇ ನೋಡುತ್ತಿದ್ದುದನ್ನು ಅವಳು ಹಾಗೇ ಹಿಡಿದುಕೊಂಡು ಕುಳಿತಿದ್ದು, ಕಡೆಗೆ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡಳು.

“ಉಪ್ಪು” ಎಂದಳು. ಇನ್ನೊಂದು ಸಲ ನಾಲಿಗೆ ಆಡಿಸಿ, “ಚೂರು ಕಹಿ” ಎಂದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡವಳು ಅದೇ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡಳು. “ಅಯ್ಯೋ ಆ ಶಾಸ್ತ್ರದೋನ ಮನೆ ಕಾಯ್ವಾಗ! ಉಪ್ಪಿಗೆ ಎದುರ್ಕಂಡು ನಾನು ನಿದ್ದೆ ಕೆಡ್ಸ್ಕಂಡ್ನಲ್ಲೋ ಚಿಕ್ಕಣ್ಣ.”

ಅರ್ಧ ಕೆಲಸ ಅಲ್ಲಿಗೆ ಮುಗಿಯಿತು. ಉಳಿದರ್ಧ ಶಿವಣ್ಣನ ಕೈಯಲ್ಲಿತ್ತು. ಬಸಿದ ನೀರು ಹಳ್ಳ ಸೇರಬೇಕಾದರೆ ಎದೆಮಟ್ಟದ ಆಳಕ್ಕೆ ಬಸಿಗಾಲುವೆ ತೋಡಬೇಕು, ಮತ್ತು ಅದು ಅವನ ಗದ್ದೆಯ ಅಂಚಿನಲ್ಲೇ ಹಾಯಬೇಕು. ಸಂಜೆ ಅಣ್ಣ ಅವನನ್ನು ಕರೆಸಿದ. ಜಗಲಿಯ ಮೇಲೆ ಕುಳಿತು ನಾನು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಅವನು ಗೆರೆಯನ್ನೂ ನನ್ನನ್ನೂ ನೋಡಿದ.

“ಅಲ್ಲಾ ಕಣ್ಲಾ, ಇಮಾನ ಅತ್ಕಂಡು ಅಷ್ಟ್ ದೂರ ಓಗಿ, ಎರಡ್ ವರ್ಸ ಓದಿ, ಕೊನೆಗೆ ನೀನ್ ಕಲ್ತಿದ್ದು ಚರಂಡಿ ತೋಡೋದಾ?”

ಅಣ್ಣ ನಗು ತಡೆಯಲಾಗದೆ ಕೆಮ್ಮಿದ. ನಾನೂ ನಕ್ಕೆ. “ಅದೇ ಕಣೋ ಭಾವ. ಅದುನ್ನೂ ಪೂರಾ ಕಲಿಯೋಕಾಗ್ನಿಲ್ಲ.”

“ಒಂದ್ ಮಾರಗಲ ಜಾಗ ಓಯ್ತದೆ ನಂದು. ಓಗ್ಲಿ ಅಂದ್ರೆ, ಇವ್ಳ ಸೌಳೆಲ್ಲ ನನ್ ಗದ್ದೆಗೆ ಬಂದ್ರೆ? ನನ್ ಎಡ್ತಿ ನನ್ನ ಆ ಕಾಲ್ವೇಲೇ ಊತಾಕ್ತಾಳೆ.”

“ಬರಾಕಿಲ್ಲ. ನಿನ್ ಗದ್ದೆಗಿಂತ ಆಳದಲ್ಲಿ ಹೋಗಿ ಹಳ್ಳ ಸೇರ್ಕತದೆ. ನಿನ್ ಗದ್ದೆಗೂ ಒಳ್ಳೇದೇ. ಇನ್ನೊಂದೈದು ವರ್ಸ ಬುಟ್ರೆ ನಿಂದೂ ಹಿಂಗೇ ಆಯ್ತದೆ.”

“ಐದ್ ವರ್ಸದ್ದು ಐದ್ ವರ್ಸಕ್ಕೆ ನೋಡ್ಕಳಾವ” ಎಂದು ಅವನು ಎದ್ದು ಟವೆಲು ಕೊಡವಿದ. ಅವನ ಭಯವನ್ನು ನಾನು ತಪ್ಪೆನ್ನಲಾರೆ. ಅವನಿಗಿದ್ದದ್ದು ಒಂದೇ ಗದ್ದೆ. ನನ್ನ ಹತ್ತಿರ ಇದ್ದದ್ದು ಬರೀ ಮಾತು.

ಆಗ ಅತ್ತಿಗೆ ಒಳಗಿನಿಂದ ಬಂದಳು. ಕೈಯಲ್ಲಿ ಹೊಸ ಸೀರೆ, ಮಡಿಕೆ ಬಿಚ್ಚದ್ದು, ಮೇಲೆ ಅರಿಶಿನದ ಬೊಟ್ಟು ಇನ್ನೂ ಹಾಗೇ ಇತ್ತು. ಹೋದ ವಾರದ ಗೌರಿ ಹಬ್ಬಕ್ಕೆ ತವರಿನಿಂದ ಶಿವಣ್ಣ ತಂದುಕೊಟ್ಟಿದ್ದ ಸೀರೆ. ನಾನು ಊರಿಗೆ ಬಂದ ಮೇಲೆ ಉಡಬೇಕೆಂದು ಎತ್ತಿಟ್ಟಿದ್ದಳಂತೆ.

“ತಕ್ಕೊ ಶಿವಣ್ಣ.”

“ಯಾನವ್ವ ಇದು?”

“ನಿನ್ ಸೀರೆ. ನಂಗ್ ಬ್ಯಾಡ. ಇದ್ರ ಬದ್ಲು ಒಂದ್ ಮಾರು ದಾರಿ ಕೊಡು.”

ಶಿವಣ್ಣ ಬೆಂಕಿ ಮುಟ್ಟಿದವನಂತೆ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ. “ಥೂ! ಗೌರಿ ಸೀರೆ ವಾಪಸ್ ಕೊಡ್ತಾರೇನವ್ವ ಯಾರಾರ? ಒಳಿಕ್ಕೆ ಮಡಗು ಅದ್ನ ಮೊದ್ಲು.”

“ದಾರಿ ಕೊಟ್ರೆ ಮಡಗ್ತೀನಿ.”

“ಭಾವ, ನೀನಾರ ಏಳು ಇವ್ಳಿಗೆ.”

“ಕುಂಕುಮದ ಭೂಮಿ ಇಸ್ಯ. ನಾನು ಬಾಯಾಕಂಗಿಲ್ಲ” ಎಂದ ಅಣ್ಣ, ಎಲೆಗೆ ಸುಣ್ಣ ಹಚ್ಚುತ್ತಾ.

ಅತ್ತಿಗೆ ಸೀರೆ ಚಾಚಿದ ಕೈ ಚಾಚಿದ ಹಾಗೇ ನಿಂತಿದ್ದಳು. “ಅಪ್ಪ ನಂಗೆ ಭೂಮಿ ಕೊಟ್ರು, ನಾನ್ ಇಲ್ಲ ಅನ್ನಲ್ಲ. ಅದ್ರ ನೀರು ಆಚೆಗೆ ಓಗೋ ದಾರಿ ಕೊಡೋದ್ನ ಮರ್ತ್ರು. ಅಪ್ಪ ಇದ್ದಿದ್ರೆ ಅವ್ರುನ್ನೇ ಕೇಳ್ತಿದ್ದೆ. ಈಗ ನೀನ್ ಇದ್ದೀಯ.”

ಶಿವಣ್ಣ ಜಗಲಿಯ ಅಂಚಿನಲ್ಲಿ ಮತ್ತೆ ಕುಳಿತ. ನಾನು ಎಳೆದಿದ್ದ ಗೆರೆಯನ್ನು ಬಗ್ಗಿ ನೋಡಿದ. ಕಾಲಿನ ಹೆಬ್ಬೆರಳಿನಿಂದ ಅದನ್ನು ತನ್ನ ಗದ್ದೆಯ ಕಡೆಗೆ ಇನ್ನೊಂದು ಚೂರು ಸರಿಸಿದ. “ಇಲ್ಲಿ ಮೂಲೇಲಿ ಬಂಡೆ ಐತೆ. ಇತ್ಲಾಗಿಂದ ಸುತ್ತಾಕಬೇಕಾಯ್ತದೆ. ನನ್ ಪೈರು ಕುಯ್ದು ಸುಗ್ಗಿ ಆಗ್ಲಿ, ತೋಡಾವ. ಸೀರೆ ಮಾತ್ರ ನೀನೇ ಉಡು ನನ್ನವ್ವ. ನನ್ ಎಡ್ತಿಗೆ ಆ ಬಣ್ಣ ಒಪ್ಪಾಕಿಲ್ಲ.”

ಆ ದಿನದಿಂದ ಸುಗ್ಗಿಯವರೆಗೆ ಗದ್ದೆಗೆ ನೀರು ಬಿಡಬಾರದಿತ್ತು. ಸರದಿ ಕೂಗಲು ಬಂದ ಮರಿಸಿದ್ದಯ್ಯನಿಗೆ ಅತ್ತಿಗೆಯೇ ಬಾಗಿಲಲ್ಲಿ ನಿಂತು, “ನಂಗೆ ಬ್ಯಾಡ, ಮುಂದ್ಲೋರಿಗೆ ಬುಡಣ್ಣ” ಎಂದಳು. ಅವನು ಕೋಲೂರಿ ನಿಂತುಬಿಟ್ಟ.

“ಯಾನವ್ವ, ಮೊನ್ನೆ ಕಾಲ್ ಹಿಡ್ದೆ, ಇವತ್ತು ಬ್ಯಾಡ ಅಂತೀಯ. ನೀರು ಸಾಲ್ದು ಅಂತ ನಾನು ಊರೋರ್ತಾವೆಲ್ಲ ಉಗುಸ್ಕಂಡಿವ್ನಿ. ಬ್ಯಾಡ ಅಂದೋಳು ನೀನೊಬ್ಳೇ ಕಣವ್ವ. ನಾಲೆ ತಾಯಿಗೆ ಬೇಜಾರಾಗ್ದಾ?”

“ಸುಗ್ಗಿ ಕಳೀಲಿ, ಕರಿತೀನಿ ಅಂತ ಏಳಿವ್ನಿ ತಾಯಿಗೆ” ಎಂದಳು ಅತ್ತಿಗೆ. ಹೇಳಿದ್ದೂ ನಿಜ. ಆ ಬೆಳಿಗ್ಗೆ ತೂಬಿನ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಬಂದಿದ್ದಳು.

ನನಗೆ ಮಂಡ್ಯದ ಸಂಶೋಧನಾ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದ ಪಾರ್ಥಸಾರಥಿ ಮೇಷ್ಟರು ಗುತ್ತಲಿನ ತಮ್ಮ ಮನೆಯ ಹೊರಕೋಣೆ ಬಿಟ್ಟುಕೊಟ್ಟರು. ಅಳತೆ ತೆಗೆದರೆ ದಿನಾಂಕ, ಗಂಟೆ ಎರಡನ್ನೂ ಜೊತೆಗೆ ಬರೆಯಬೇಕೆಂದು ನನಗೆ ಮೊದಲು ಕಲಿಸಿದವರು ಅವರು. ಭಾನುವಾರಗಳಲ್ಲಿ ಸೈಕಲ್ಲು ಹತ್ತಿ ಕೊತ್ತತ್ತಿಗೆ ಹೋಗುತ್ತಿದ್ದೆ. ಜನವರಿಯಲ್ಲಿ ಕೊಯ್ಲು ಮುಗಿದ ಮೇಲೆ ಅಣ್ಣ, ಶಿವಣ್ಣ, ನಾನು ಬಸಿಗಾಲುವೆ ತೋಡಿದೆವು. ಮೊದಲ ದಿನ ನನ್ನ ಅಂಗೈ ಬೊಬ್ಬೆ ಬಂದಾಗ ಶಿವಣ್ಣ ಊರಿಗೆಲ್ಲ ಕೇಳುವಂತೆ, “ಹಾಲೆಂಡಿನ ಗುದ್ಲೀಗೆ ಹತ್ತಿ ಸುತ್ತಿರ್ತಾರೆ ಅಂತ ಕಾಣ್ತದೆ” ಎಂದ.

ಕಾಲುವೆ ಹಳ್ಳ ಮುಟ್ಟಿದ ಮೇಲೆ, ಬೇಸಿಗೆ ಬೆಳೆಯ ನೀರು ಬಂದಾಗ, ನಾನು ಅತ್ತಿಗೆಗೆ ಹೇಳಿದೆ: “ಈಗ ಬುಡು. ಎಷ್ಟು ಬೇಕೋ ಅಷ್ಟು ನಿಲ್ಸು. ಈಗ ನೀರೇ ಔಷಧಿ.” ಕೆಳಗೆ ದಾರಿಯಿದ್ದರೆ ನಿಂತ ನೀರು ಉಪ್ಪನ್ನು ಕರಗಿಸಿಕೊಂಡು ಕೆಳಗಿಳಿದು ಹೊರಟುಹೋಗುತ್ತದೆ. ಅವಳು ಅಂದು ನನಗಾಗಿ ಮಾಡಿದ್ದನ್ನೇ ಈಗ ಮತ್ತೆ ಮಾಡಬೇಕಾಗಿತ್ತು. ಅವಳು ಸೆರಗು ಸಿಕ್ಕಿಸಿ, ಗದ್ದೆಗೆ ನೀರು ನುಗ್ಗುವ ಬಾಯಿಯಾದ ಮಡವೆಯ ಮಣ್ಣನ್ನು ತಾನೇ ಸರಿಸಿ, ನೀರು ಒಳಗೆ ನುಗ್ಗುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಮೂರನೆಯ ದಿನ ಬಸಿಗಾಲುವೆಯಲ್ಲಿ ನೀರು ಸಣ್ಣಗೆ ಸದ್ದು ಮಾಡುತ್ತಾ ಹಳ್ಳದ ಕಡೆ ಹರಿಯತೊಡಗಿತು. ಅವಳು ಬದುವಿನ ಮೇಲೆ ಅದರ ಜೊತೆಗೇ ಹಳ್ಳದವರೆಗೂ ನಡೆದು, ಅಲ್ಲಿ ನಿಂತು ಬಿಟ್ಟು ಬಂದಳು. ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದಾಗಲೂ ಹಾಗೇ ನಡೆದಿದ್ದಳು.

ಹೀಗೆ ಎರಡು ಸಲ ತೊಳೆದು, ಹಸಿರುಗೊಬ್ಬರಕ್ಕೆಂದು ಸೆಣಬು ಚೆಲ್ಲಿದೆವು. ಒಂದು ಮೂಲೆ ಬಿಟ್ಟು ಉಳಿದ ಕಡೆಯೆಲ್ಲ ಹುಟ್ಟಿತು. ಆ ಮೂಲೆಗೆ ಇನ್ನೊಂದು ವರ್ಷ ಬೇಕಾದೀತು. ಅತ್ತಿಗೆಗೆ ಅದನ್ನೂ ಹೇಳಿದ್ದೇನೆ. “ಉಪ್ಪು ತಾನೇ, ಇರ್ಲಿ ಬುಡು” ಎಂದಳು.

ನಿನ್ನೆ ಭಾನುವಾರ ಹೋದಾಗ ಅವಳು ಗೌರಿ ಸೀರೆ ಉಟ್ಟಿದ್ದಳು. ಮೊಣಕಾಲುದ್ದದ ಸೆಣಬಿನ ನಡುವೆ ಗುಂಡಿ ಕೊರೆದು, “ನಾನ್ಯಾಕೆ, ನೀನೇ ಇಳ್ಸು” ಎಂದು ಕುಡಿಕೆಯನ್ನು ಅವಳ ಕೈಗೆ ಕೊಟ್ಟೆ. ಅಣ್ಣ, ಶಿವಣ್ಣ ಇಬ್ಬರೂ ಬದುವಿನ ಮೇಲೆ ಉಸಿರು ಬಿಗಿಹಿಡಿದು ನಿಂತರು. ಪಟ್ಟಿ ಅವಳ ಬೆರಳುಗಳ ನಡುವೆ ಇಳಿಯಿತು, ಇಳಿಯುತ್ತಲೇ ಇತ್ತು. “ಇನ್ನೂ ಇಲ್ವಲ್ಲೋ” ಎಂದು ಅವಳು ಪಿಸುಗುಟ್ಟಿದಳು. ಆಮೇಲೆ ತೀರಾ ಕೆಳಗಿನಿಂದ, ಬಲು ಸಣ್ಣಗೆ, ಆ ಸದ್ದು ಬಂತು. ಅವಳು ಅಣ್ಣನ ಮುಖ ನೋಡಿದಳು.

ರಾತ್ರಿಯೂಟ ಆದ ಮೇಲೆ ಕೋಣೆಗೆ ಬಂದು, ಏಳು ತಿಂಗಳಿಂದ ಬರೆಯದೆ ಇಟ್ಟಿದ್ದ ಕಾರ್ಡನ್ನು ಹೆಂಡ್ರಿಕ್‌ಗೆ ಬರೆದೆ. ಮೊದಲು ಧನ್ಯವಾದ ಬರೆದೆ. ಅತ್ತಿಗೆ ನಿನ್ನ ಹೆಂಡತಿಗೆ ಮಜ್ಜಿಗೆ ಕಡೆಯುವುದನ್ನು ಕಲಿಸಲು ಸಿದ್ಧಳಿದ್ದಾಳೆ ಎಂದು ಬರೆದೆ. ಕೆಳಗೆ ಅವನು ಕೇಳಿದ್ದನ್ನು ಬರೆದೆ.

27 ಏಪ್ರಿಲ್ 1975, ಬೆಳಿಗ್ಗೆ ಎಂಟು ಗಂಟೆ. ಕೊತ್ತತ್ತಿ, ಚಲುವಮ್ಮನವರ ಗದ್ದೆ. ನೆಲದಿಂದ ನೀರಿಗೆ ತೊಂಬತ್ತನಾಲ್ಕು ಸೆಂಟಿಮೀಟರು.